ಹೆಸರು ಬಿಟ್ಟು ಹೋದವನು

ನನ್ನ ಅತ್ತೆಯ ಮನೆಯಲ್ಲಿ ಚರ್ಚಿನ ಹಳೆಯ ಹಾಡಿನ ಪುಸ್ತಕವೊಂದಿದೆ. ಕಿತ್ತುಹೋದ ಅದರ ರಟ್ಟಿಗೆ ಯಾರೋ ಹಿಟ್ಟಿನ ಚೀಲದ ಬಟ್ಟೆ ಹಾಕಿ ಹೊಲಿದಿದ್ದಾರೆ. ಹಾಡಲೆಂದು ಅದನ್ನು ತೆರೆದದ್ದನ್ನು ಈ ಹದಿನಾಲ್ಕು ವರ್ಷಗಳಲ್ಲಿ ನಾನು ಕಂಡಿಲ್ಲ. ತೆರೆಯುವುದೇನಿದ್ದರೂ ಒಳಗಿರುವ ಎರಡು ಕಾಗದಗಳಿಗಾಗಿ. ಒಂದು, 1869ರಲ್ಲಿ ವಿಸ್ಕಾನ್ಸಿನ್‌ನ ಲಾ ಕ್ರಾಸ್ ಎಂಬ ಊರಿನಿಂದ ನಾರ್ವೆಗೆ ಹೋದ ಒಂದೂವರೆ ಪುಟದ ಪತ್ರ. ಇನ್ನೊಂದು, ನಾರ್ವೇಜಿಯನ್ ಭಾಷೆಯ ಪತ್ರಿಕೆಯಿಂದ ಕತ್ತರಿಸಿಟ್ಟ ಎರಡು ಬೆರಳಗಲದ ತುಣುಕು. ವಾಲ್ಡ್ರೆಸ್ ಕಣಿವೆಯಿಂದ ಬಂದ ಇಂಥವನು ಎಲ್ಲಿದ್ದಾನೆಂದು ಬಲ್ಲವರು ಈ ವಿಳಾಸಕ್ಕೆ ತಿಳಿಸಬೇಕು, ಕೇಳುತ್ತಿರುವವಳು ಅವನ ಮಗಳು ಎಂದು ಅದರಲ್ಲಿದೆ. ತುಣುಕಿನ ಹಿಂಬದಿಯಲ್ಲಿ ಬಿತ್ತನೆ ಬೀಜದ ವ್ಯಾಪಾರಿಯೊಬ್ಬನ ಅರ್ಧ ಜಾಹೀರಾತು.

ಪತ್ರ ಕಳಿಸಿದವನು ನನ್ನ ಅತ್ತೆಯ ಮುತ್ತಜ್ಜಿಯ ಅಪ್ಪ. ಜಾಹೀರಾತು ಕೊಟ್ಟವಳು ಆ ಮುತ್ತಜ್ಜಿ. ಅಪ್ಪ ಮಗಳು ಒಬ್ಬರನ್ನೊಬ್ಬರು ಒಮ್ಮೆಯೂ ನೋಡಲಿಲ್ಲ.

ಅವನನ್ನು ಇಲ್ಲಿ ಊಲೆ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಆದರೆ ಊಲೆ ಎನ್ನುವುದು ಆ ಕಾಲದ ನಾರ್ವೆಯಲ್ಲಿ ನಮ್ಮ ಮಂಜುನಾಥನಷ್ಟೇ ಸಾಮಾನ್ಯ ಹೆಸರಾದ್ದರಿಂದ ಅವನಿಗೇನೂ ಅನ್ಯಾಯವಾಗುವುದಿಲ್ಲ. ಅಮೆರಿಕದಲ್ಲಿ ಅದೇ ಅಕ್ಷರಗಳನ್ನು ಓಲಿ ಎಂದು ಓದುತ್ತಾರೆ. ನಾನಿರುವ ಮಿನ್ನೆಸೋಟದಲ್ಲಿ ಇಂದಿಗೂ ಪೆದ್ದನ ಜೋಕುಗಳಿಗೆಲ್ಲ ಓಲಿಯೇ ನಾಯಕ, ಅವನ ಹೆಂಡತಿ ಲೀನಾ ನಾಯಕಿ. ಮನೆತನದ ಕತೆಯಲ್ಲಿ ಮಾತ್ರ ಈ ಊಲೆಯನ್ನು ಕುರಿತು ಯಾರೂ ನಗುತ್ತಿರಲಿಲ್ಲ. ‘ಅಮೆರಿಕ ಮುಟ್ಟಿದ, ಒಂದು ಪತ್ರ ಹಾಕಿದ, ಆಮೇಲೆ ನೆಲ ನುಂಗಿತು’ ಎಂದು ಅತ್ತೆ ತಮ್ಮ ಅಜ್ಜಿಯಿಂದ ಕೇಳಿದ್ದನ್ನು ನನಗೆ ಹೇಳಿದ್ದರು. ನಾನು ಮೂಗು ತೂರಿಸಿದ್ದು ಅಲ್ಲಿಂದ. ಮಿನಿಯಾಪೊಲಿಸ್‌ನ ಚಳಿಗಾಲ ಐದು ತಿಂಗಳು. ಸೊಸೆಗೆ ಕಂಪ್ಯೂಟರಿನ ಕೆಲಸ ಗೊತ್ತು. ಇಷ್ಟು ಸಾಕಾಯಿತು.

ಆದರೆ ನಿಜವಾಗಿ ನನ್ನನ್ನು ಹಿಡಿದು ಕೂರಿಸಿದ್ದು ಹೆಸರಿನ ವಿಷಯ. ನನ್ನ ಊರು ಸಾಗರದ ಕಡೆಯದು. ನಮಗೆ ಮನೆತನದ ಹೆಸರೆಂಬುದು ಇರಲಿಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ನಾವು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಕೊನೆಯ ಹೆಸರು’ ಎಂಬ ಖಾನೆ ಖಾಲಿ ಬಿಡಬಾರದೆಂದು ಅಪ್ಪನ ಹೆಸರನ್ನು ಬಿಡಿಸಿ ಬರೆದೆವು. ಅಂದಿನಿಂದ ದಂತವೈದ್ಯರ ಬಳಿ, ಬ್ಯಾಂಕಿನಲ್ಲಿ, ಮಗನ ಶಾಲೆಯಲ್ಲಿ ನನ್ನನ್ನು ಅಪ್ಪನ ಹೆಸರಿನಿಂದಲೇ ಕೂಗುತ್ತಾರೆ. ಮೊದಮೊದಲು ಅಪ್ಪ ಹಿಂದೆಲ್ಲೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ.

ನಾರ್ವೆಯ ಹಳ್ಳಿಗಳಲ್ಲಿಯೂ ಇದೇ ಕ್ರಮವಿತ್ತು ಎಂದು ತಿಳಿದಾಗ ನನಗಾದದ್ದು ಬಂಧುಗಳನ್ನು ಕಂಡ ಸಂತೋಷ. ಕ್ನೂಟ್‌ನ ಮಗ ಊಲೆಯಾದರೆ ಅವನು ಊಲೆ ಕ್ನೂಟ್‌ಸೆನ್. ಅವನ ಮಗ ಲಾರ್ಸ್ ಆದರೆ ಲಾರ್ಸ್ ಊಲ್ಸೆನ್. ಮಗಳಾದರೆ ಊಲ್ಸ್‌ಡಾಟರ್, ಮದುವೆಯಾದರೂ ಅವಳು ಊಲೆಯ ಮಗಳೇ. ಅದರ ಹಿಂದೆ ವಾಸವಾಗಿರುವ ಜಮೀನಿನ ಹೆಸರು ಸೇರುತ್ತದೆ. ಅದು ಹೆಸರಲ್ಲ, ವಿಳಾಸ. ಜಮೀನು ಬದಲಾದರೆ ಅದೂ ಬದಲು. ಇಡೀ ದೇಶ ಒಂದು ಸ್ಥಿರವಾದ ಕುಟುಂಬನಾಮ ಇಟ್ಟುಕೊಳ್ಳಲೇಬೇಕೆಂದು ಕಾನೂನು ಬಂದದ್ದು 1923ರಲ್ಲಿ. ಅದಕ್ಕೂ ಮೊದಲು ಹಡಗು ಹತ್ತಿದವರೆಲ್ಲ ಅಮೆರಿಕದ ಆ ‘ಕೊನೆಯ ಹೆಸರು’ ಖಾನೆಯ ಮುಂದೆ ನನ್ನ ಹಾಗೆಯೇ ತಲೆ ಕೆರೆದುಕೊಂಡು ನಿಂತಿರಬೇಕು. ಅಪ್ಪನ ಹೆಸರು ಬರೆಯುವುದೋ, ಬಿಟ್ಟುಬಂದ ಜಮೀನಿನದೋ? ಅಣ್ಣ ಒಂದು ಬರೆದ, ತಮ್ಮ ಇನ್ನೊಂದು ಬರೆದ. ಎರಡು ತಲೆಮಾರಿನ ಹೊತ್ತಿಗೆ ಅವರ ಮೊಮ್ಮಕ್ಕಳು ಒಂದೇ ಚರ್ಚಿನ ಬೆಂಚಿನಲ್ಲಿ ಕುಳಿತು ಪರಸ್ಪರ ಅಪರಿಚಿತರು. ನ್ಯೂಯಾರ್ಕಿನಲ್ಲಿ ವಲಸಿಗರನ್ನು ಇಳಿಸಿಕೊಳ್ಳುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಕೆಡಿಸಿದರು ಎಂಬ ಕತೆಯನ್ನು ಇಲ್ಲಿ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಆ ಗುಮಾಸ್ತರು ಹಡಗಿನ ಕಂಪನಿ ಬರೆದು ತಂದ ಪಟ್ಟಿಯನ್ನು ಹಿಡಿದು ಗುರುತು ಹಾಕುತ್ತಿದ್ದರಷ್ಟೇ. ಅಲ್ಲದೆ ಆ ದ್ವೀಪದ ಕೇಂದ್ರ ತೆರೆದದ್ದೇ 1892ರಲ್ಲಿ. ಊಲೆ ಬಂದು ಆಗಲೇ ಇಪ್ಪತ್ನಾಲ್ಕು ವರ್ಷ.

ನಾರ್ವೆಯ ಪತ್ರಾಗಾರದವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇನ್ನೂರು ಮುನ್ನೂರು ವರ್ಷಗಳ ಚರ್ಚಿನ ದಫ್ತರಗಳು, ಜನಗಣತಿಗಳು, ವಲಸಿಗರ ಪಟ್ಟಿಗಳು, ಎಲ್ಲವನ್ನೂ ಅವರು ಅಂತರಜಾಲದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಡಿಜಿಟಲಾರ್ಕಿವೆಟ್ ಎಂದು ಅದರ ಹೆಸರು. ಅತ್ತೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊದಲ ವಾರದಲ್ಲೇ ನಾವು ಊಲೆಯನ್ನು 1865ರ ಜನಗಣತಿಯಲ್ಲಿ ಹಿಡಿದೆವು. ವಾಲ್ಡ್ರೆಸ್‌ನ ಔರ್ಡಾಲ್. ಅಪ್ಪ ಹುಸ್‌ಮನ್, ಅಂದರೆ ಬೇರೆಯವರ ಜಮೀನಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಅದರ ಬದಲಿಗೆ ಧಣಿಯ ಹೊಲದಲ್ಲಿ ದುಡಿಯಬೇಕಾದವನು. ನಮ್ಮ ಮಲೆನಾಡಿನವರಿಗೆ ‘ಒಕ್ಕಲು’ ಎಂದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಆ ಜನಗಣತಿ ಮನುಷ್ಯರ ಜೊತೆಗೆ ದನಕರುಗಳನ್ನೂ ಬಿತ್ತನೆಯನ್ನೂ ಎಣಿಸಿದೆ. ಊಲೆಯ ಮನೆಯಲ್ಲಿ ಏಳು ಜನ, ಒಂದು ಹಸು, ನಾಲ್ಕು ಕುರಿ, ಬಿತ್ತಿದ್ದು ಒಂದು ಪೀಪಾಯಿ ಆಲೂಗಡ್ಡೆ ಮತ್ತು ಚೂರು ಬಾರ್ಲಿ. ಏಳು ಜನರಿಗೆ ಒಂದು ಹಸು ಎಂಬ ಸಾಲನ್ನು ಅತ್ತೆ ಬೆರಳಿಟ್ಟು ಎರಡು ಸಲ ಓದಿದರು.

ಹೊರಟದ್ದೇಕೆ ಎಂದು ಇದಕ್ಕಿಂತ ಹೆಚ್ಚು ಕೇಳಬೇಕಾಗಿಲ್ಲ. ನಾರ್ವೆಯ ನೆಲದಲ್ಲಿ ಉಳಬಹುದಾದದ್ದು ನೂರಕ್ಕೆ ಮೂರು ಪಾಲು. ಇದ್ದ ಜಮೀನು ಹಿರಿಯ ಮಗನ ಹಕ್ಕು. ಹುಸ್‌ಮನ್‌ನ ಮಗನಿಗೆ ಹಿರಿತನದಿಂದಲೂ ಬರುವುದೇನಿರಲಿಲ್ಲ. 1825ರಲ್ಲಿ ಐವತ್ತೆರಡು ಜನರನ್ನು ಹೊತ್ತ ‘ರೆಸ್ಟೋರೇಷನ್’ ಎಂಬ ಪುಟ್ಟ ಹಡಗು ಸ್ಟವಾಂಗರ್‌ನಿಂದ ಹೊರಟು ನ್ಯೂಯಾರ್ಕ್ ಸೇರಿತು. ದಾರಿಯಲ್ಲಿ ಒಂದು ಮಗು ಹುಟ್ಟಿ ಇಳಿದವರು ಐವತ್ತಮೂರಾದರು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಆ ದಾರಿ ಹಿಡಿದರು. 1865ರಲ್ಲಿ ಇಡೀ ನಾರ್ವೆಯ ಜನಸಂಖ್ಯೆ ಹದಿನೇಳು ಲಕ್ಷ. ಐರ್ಲೆಂಡ್ ಬಿಟ್ಟರೆ ತನ್ನ ಮಕ್ಕಳಲ್ಲಿ ಇಷ್ಟು ಪಾಲನ್ನು ಅಮೆರಿಕಕ್ಕೆ ಕೊಟ್ಟ ದೇಶ ಯುರೋಪಿನಲ್ಲಿ ಇನ್ನೊಂದಿಲ್ಲ.

ಊಲೆ 1868ರ ಮೇ ತಿಂಗಳಲ್ಲಿ ಹೊರಟ. ಚರ್ಚಿನ ದಫ್ತರದಲ್ಲಿ ಊರು ಬಿಟ್ಟವರಿಗೇ ಒಂದು ಪಟ್ಟಿಯಿದೆ: ಹೆಸರು, ವಯಸ್ಸು, ತಾರೀಖು, ಎಲ್ಲಿಗೆ. ‘ಎಲ್ಲಿಗೆ’ ಎಂಬಲ್ಲಿ ಪಾದ್ರಿ ಬರೆದದ್ದು ಒಂದೇ ಪದ, ಅಮೆರಿಕ. ಅವನ ಮೇಲಿನವನಿಗೂ ಕೆಳಗಿನವನಿಗೂ ಅದೇ ಎಂಬ ಗುರುತಿಗೆ ಎರಡು ಗೀಟು. ಇಡೀ ಪುಟ ಗೀಟುಗಳೇ. ಅದೇ ವರ್ಷದ ನವೆಂಬರಿನ ನಾಮಕರಣದ ಪುಟದಲ್ಲಿ, ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಗುರುತು ಹೊತ್ತು, ಒಂದು ಹೆಣ್ಣುಮಗು. ತಾಯಿ ಪಕ್ಕದ ಜಮೀನಿನ ಕೆಲಸದ ಹುಡುಗಿ. ತಂದೆ ಊಲೆ ಕ್ನೂಟ್‌ಸೆನ್, ಅವಿವಾಹಿತ, ಅಮೆರಿಕದಲ್ಲಿ.

ಮದುವೆಯಿಲ್ಲದಿದ್ದರೂ ಕ್ರಮ ಕ್ರಮವೇ. ಆ ಮಗು ಊಲ್ಸ್‌ಡಾಟರ್ ಆಯಿತು.

ಪತ್ರಕ್ಕೆ ಬರುತ್ತೇನೆ. ಅಮೆರಿಕದ ಪತ್ರಗಳೆಂದರೆ ಆ ಕಾಲದ ನಾರ್ವೆಯಲ್ಲಿ ಊರಿಗೆ ಊರೇ ಕೂತು ಕೇಳುವ ಸಂಗತಿ. ಒಬ್ಬರು ಓದುವುದು, ಉಳಿದವರು ಕೇಳುವುದು, ಕೆಲವರು ನಕಲು ಮಾಡಿ ಮುಂದಿನ ಹಳ್ಳಿಗೆ ಒಯ್ಯುವುದು, ಕೆಲವು ಪತ್ರಿಕೆಯಲ್ಲೂ ಅಚ್ಚಾಗುವುದು. ಊಲೆಯ ಪತ್ರವೂ ಆ ಜಾತಿಯದೇ. ಇಲ್ಲಿ ಯಾರ ಮುಂದೆಯೂ ಟೋಪಿ ತೆಗೆದು ನಿಲ್ಲಬೇಕಾಗಿಲ್ಲ. ದಿನವೂ ಗೋಧಿಯ ರೊಟ್ಟಿ, ಹಂದಿಮಾಂಸ. ಚಳಿಗಾಲದಲ್ಲಿ ಕಾಡಿನಲ್ಲಿ ಪೈನ್ ಮರ ಕಡಿಯುವ ಕೆಲಸ, ಬೇಸಿಗೆಯಲ್ಲಿ ಗರಗಸದ ಮಿಲ್ಲು. ಕೊನೆಗೆ ಎರಡು ಸಾಲು: ಮಗುವಿಗೆ ನನ್ನ ನೆನಪು ಹೇಳು, ಮುಂದಿನ ವಸಂತಕ್ಕೆ ನಿಮ್ಮಿಬ್ಬರ ಟಿಕೆಟ್ ಕಳಿಸುತ್ತೇನೆ. ಇಲ್ಲಿಂದ ಹಣ ಕಟ್ಟಿ ಕಳಿಸಿದ ಟಿಕೆಟಿನಲ್ಲೇ ಬಂದವರು ಅಸಂಖ್ಯ ಮಂದಿ. ಹಾಗಾಗಿ ಅದು ಬಣ್ಣದ ಮಾತೇನಲ್ಲ. ಅಕ್ಷರ ದುಂಡಗೆ, ಒಂದು ಒತ್ತೂ ತಪ್ಪಿಲ್ಲದೆ, ಶಾಲಾ ಮೇಷ್ಟರು ಬರೆದ ಹಾಗಿದೆ. ಈ ದುಂಡನೆಯ ಅಕ್ಷರ ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನಾಲ್ಕು ವರ್ಷ ಹಿಡಿಯಿತು.

ಅಮೆರಿಕದ ಕಡೆಯ ಹುಡುಕಾಟಕ್ಕೆ ಮೊದಲ ಏಟು ಬಿದ್ದದ್ದು ಅವನು ಅಮೆರಿಕಕ್ಕೆ ಬರಲೇ ಇಲ್ಲವಾದ್ದರಿಂದ. ಕ್ರಿಸ್ಟಿಯಾನಿಯಾದ, ಅಂದರೆ ಇಂದಿನ ಓಸ್ಲೋದ, ಪೊಲೀಸರು 1867ರಿಂದ ಹಡಗು ಹತ್ತುವವರ ಪಟ್ಟಿ ಇಟ್ಟಿದ್ದಾರೆ. ಅದರಲ್ಲಿ ಊಲೆ ಹೊರಟದ್ದು ಕೆನಡಾದ ಕ್ವಿಬೆಕ್‌ಗೆ. ಆ ಕಾಲದಲ್ಲಿ ನಾರ್ವೆಯ ಹಾಯಿಹಡಗುಗಳ ವ್ಯಾಪಾರವೇ ಹಾಗಿತ್ತು: ಹೋಗುವಾಗ ಜನ, ಬರುವಾಗ ಕೆನಡಾದ ಮರದ ದಿಮ್ಮಿ. ದಿಮ್ಮಿ ತುಂಬುವ ಜಾಗದಲ್ಲೇ ಹಲಗೆ ಹೊಡೆದು ಮಲಗುವ ಅಟ್ಟ. ಎಂಟೊಂಬತ್ತು ವಾರದ ಊಟವನ್ನು ಪ್ರಯಾಣಿಕರೇ ಕಟ್ಟಿಕೊಂಡು ಹೋಗಬೇಕು. ತೆಳ್ಳಗೆ ಲಟ್ಟಿಸಿ ಸುಟ್ಟ ಒಣರೊಟ್ಟಿ, ಒಣಮಾಂಸ, ಉಪ್ಪುಮೀನು. ಆ ರೊಟ್ಟಿಯನ್ನು ಅತ್ತೆ ಇಂದಿಗೂ ಕ್ರಿಸ್‌ಮಸ್‌ಗೆ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡಕ್ ರೊಟ್ಟಿಯ ಪಕ್ಕ ಇಟ್ಟರೆ ಅಕ್ಕತಂಗಿಯರು. ಕ್ವಿಬೆಕ್‌ನಲ್ಲಿ ಇಳಿದವರು ರೈಲು, ದೋಣಿ ಹಿಡಿದು ಮಹಾಸರೋವರಗಳ ಗುಂಟ ಷಿಕಾಗೋ, ಮಿಲ್ವಾಕಿ ಸೇರುತ್ತಿದ್ದರು. ಗಡಿಯಲ್ಲಿ ಯಾರೂ ಹೆಸರು ಕೇಳುತ್ತಿರಲಿಲ್ಲ. ಕೆನಡಾದ ಗಡಿ ದಾಟಿದವರನ್ನು ಅಮೆರಿಕ ಬರೆದಿಡಲು ತೊಡಗಿದ್ದು 1895ರಲ್ಲಿ. ನ್ಯೂಯಾರ್ಕಿನ ಪಟ್ಟಿಗಳಲ್ಲಿ ನಾನು ಕಳೆದ ಒಂದು ಇಡೀ ಚಳಿಗಾಲ ನೀರಿನಲ್ಲಿ ಹೋಮ.

ಆಮೇಲೆ ಊಲೆಗಳ ಕಾಟ. ಲಾ ಕ್ರಾಸ್ ಮಿಸಿಸಿಪ್ಪಿ ದಡದ ಮರದ ಪಟ್ಟಣ, ಸುತ್ತಮುತ್ತ ನಾರ್ವೆಯವರೇ. 1870ರ ಜನಗಣತಿಯ ಒಂದೇ ಪುಟದಲ್ಲಿ ಮೂವರು ಊಲೆಗಳನ್ನು ಕಂಡು ನಾನು ಎದ್ದು ಚಹಾ ಮಾಡಲು ಹೋಗಿದ್ದೇನೆ. ಕ್ನೂಟ್‌ಸೆನ್ ಎಂಬುದು ಇಂಗ್ಲಿಷ್ ಬರೆಯುವವರ ಕೈಯಲ್ಲಿ ನೂಡ್ಸನ್, ನಟ್ಸನ್, ಕನೂಟ್ಸನ್ ಎಂದು ನಾಲ್ಕಾರು ವೇಷ ಹಾಕುತ್ತದೆ. ವಯಸ್ಸು, ಮರದ ಕೆಲಸ, ಒಂಟಿತನ ಎಲ್ಲ ಹೊಂದುವ ಒಬ್ಬ ಊಲೆ ಸಿಕ್ಕಿದ. ಅವನ ಬೆನ್ನು ಹತ್ತಿದೆವು. ಹತ್ತು ವರ್ಷದ ನಂತರ ಅವನು ಮಿನ್ನೆಸೋಟದ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದರ ಜನಗಣತಿ ಪುಟದಲ್ಲಿದ್ದ.

ಅತ್ತೆ ಅಂದು ಏನೂ ಮಾತಾಡಲಿಲ್ಲ. ನನಗೋ, ಮಾತು ನಿಂತ ಪತ್ರಕ್ಕೆ ಇದಕ್ಕಿಂತ ಸರಿಯಾದ ಕಾರಣ ಬೇರೆ ಬೇಕಿಲ್ಲ ಅನ್ನಿಸಿತು. ಊರ್ನುಲ್ಫ್ ಓಡೆಗೋರ್ ಎಂಬ ನಾರ್ವೆಯ ಮನೋವೈದ್ಯರು 1932ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ನಾರ್ವೆಯಲ್ಲಿ ಹುಟ್ಟಿ ಮಿನ್ನೆಸೋಟಕ್ಕೆ ಬಂದವರು ಮಾನಸಿಕ ಆಸ್ಪತ್ರೆ ಸೇರಿದ ಪ್ರಮಾಣ ಇಲ್ಲೇ ಹುಟ್ಟಿದವರಿಗಿಂತಲೂ ಹೆಚ್ಚು, ನಾರ್ವೆಯಲ್ಲೇ ಉಳಿದವರಿಗಿಂತಲೂ ಹೆಚ್ಚು ಎಂದು ಅವರು ತೋರಿಸಿದರು. ಗುಡ್ಡ, ಕಣಿವೆ, ಪಕ್ಕದ ಮನೆಯ ಹೊಗೆ ನೋಡಿ ಬೆಳೆದವರನ್ನು ಮರವೇ ಇಲ್ಲದ ಬಯಲಲ್ಲಿ ತಂದು ಬಿಟ್ಟರೆ ಏನಾಗುತ್ತದೆ ಎಂದು ಊಹಿಸಲು ನನಗೆ ಅಧ್ಯಯನ ಬೇಕಾಗಿರಲಿಲ್ಲ. ನನ್ನ ಮೊದಲ ಜನವರಿಯಲ್ಲಿ ನಾನೂ ಕಿಟಕಿಯ ಮುಂದೆ ನಿಂತು ಸುಮ್ಮನೆ ಅತ್ತಿದ್ದೇನೆ. ಅಂಥ ಆಸ್ಪತ್ರೆಗಳಲ್ಲಿ ಸತ್ತವರಿಗೆ ಹೆಸರಿನ ಕಲ್ಲಿರಲಿಲ್ಲ, ಸಂಖ್ಯೆಯಿತ್ತು. ಇತ್ತೀಚಿನ ದಶಕಗಳಲ್ಲಿ ಮಿನ್ನೆಸೋಟದಲ್ಲಿ ಆ ಸಂಖ್ಯೆಗಳಿಗೆ ಮತ್ತೆ ಹೆಸರು ಹಚ್ಚುವ ಕೆಲಸ ನಡೆದಿದೆ. ನಾವು ಹೋಗಿ ಹೂವಿಟ್ಟು ಬಂದೆವು.

ಎರಡು ತಿಂಗಳ ನಂತರ ಆಸ್ಪತ್ರೆಗೆ ಸೇರಿಸಿದಾಗಿನ ಕಾಗದದ ನಕಲು ಬಂತು. ಹುಟ್ಟೂರು ಟೆಲೆಮಾರ್ಕ್. ನಮ್ಮವನಲ್ಲ.

ಯಾರದೋ ಅಪ್ಪನಿಗೆ ನಾವು ಅತ್ತದ್ದಾಯಿತು. ‘ಪಾಪ, ಅವನಿಗೂ ಯಾರಾದರೂ ಬೇಕಲ್ಲ’ ಎಂದರು ಅತ್ತೆ. ಈಗಲೂ ಮೇ ತಿಂಗಳ ಕೊನೆಯಲ್ಲಿ, ಇಲ್ಲಿನವರು ಸಮಾಧಿಗಳಿಗೆ ಹೂವಿಡುವ ದಿನ, ಆ ಟೆಲೆಮಾರ್ಕ್‌ನ ಊಲೆಗೂ ಒಂದು ಕುಂಡ ಹೋಗುತ್ತದೆ. ನನಗೆ ಅತ್ತೆಯ ಬಗ್ಗೆ ಯಾವುದಾದರೂ ಒಂದು ಸಂಗತಿ ಹೇಳಿ ಎಂದರೆ ಇದನ್ನೇ ಹೇಳುತ್ತೇನೆ.

ಈ ನಡುವೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಅಡಿಕೆ ಸುಲಿಯುತ್ತಲೇ, ‘ಅದರಲ್ಲೇನು, ನನ್ನ ಸೋದರಮಾವ ಬೊಂಬಾಯಿಗೆ ಓಡಿಹೋಗಲಿಲ್ಲವೇ’ ಎಂದಳು. ಹದಿನಾಲ್ಕು ವರ್ಷದ ಹುಡುಗ, ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆಂದು ಯಾರೋ ನೋಡಿ ಬಂದು ಹೇಳಿದ್ದು ಬಿಟ್ಟರೆ ಮುಂದಿನ ಸುದ್ದಿಯಿಲ್ಲ. ನಮ್ಮ ಕಡೆಯ, ಅದಕ್ಕಿಂತ ಹೆಚ್ಚಾಗಿ ಘಟ್ಟದ ಕೆಳಗಿನ ಮನೆಗಳಲ್ಲಿ ಹೀಗೆ ಬೊಂಬಾಯಿ ನುಂಗಿದ ಒಬ್ಬ ಹುಡುಗ ಇಲ್ಲದ ಮನೆ ಕಡಿಮೆ. ‘ಪತ್ರ ಏಕೆ ಹಾಕಲಿಲ್ಲ?’ ಎಂದೆ. ‘ಮೊದಲ ವರ್ಷ ಕಳಿಸಲು ದುಡ್ಡಿರಲಿಲ್ಲವೇನೋ. ಎರಡನೆಯ ವರ್ಷ ನಾಚಿಕೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಬರೆಯುವುದು?’ ಅಮ್ಮ ಇಷ್ಟು ಹೇಳಿ ಅಡಿಕೆಗೆ ತಿರುಗಿದಳು. ಈ ವಿಷಯದ ಮೇಲೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ದಾರಿ ತೆರೆದದ್ದು ಉಗುಳಿನಿಂದ. ಅತ್ತೆಯ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಡಿಎನ್‌ಎ ಪರೀಕ್ಷೆಯ ಪೆಟ್ಟಿಗೆ ತಂದುಕೊಟ್ಟೆವು. ಕೊಳವೆಗೆ ಉಗುಳುವುದು ಅವರ ಸಭ್ಯತೆಗೆ ಒಗ್ಗದೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ತೆಗೆದುಕೊಂಡರು. ಫಲಿತಾಂಶದಲ್ಲಿ ದೂರದ ಸಂಬಂಧಿಗಳು ನೂರಾರು. ಅದರಲ್ಲಿ ನಾಲ್ವರ ಗುಂಪೊಂದಿತ್ತು. ಅತ್ತೆಗೂ ಅವರಿಗೂ ಸಮನಾದದ್ದು ಶೇಕಡಾ ಒಂದಕ್ಕಿಂತ ಕಡಿಮೆ, ಆದರೆ ಆ ನಾಲ್ವರೂ ತಮ್ಮತಮ್ಮೊಳಗೆ ಹತ್ತಿರದ ನೆಂಟರು. ಎಲ್ಲರ ಬೇರೂ ಉತ್ತರ ಡಕೋಟಾದ ಟ್ರೇಲ್ ಕೌಂಟಿಯ ಒಂದೇ ಮನೆಗೆ ಹೋಗುತ್ತಿತ್ತು. ಆ ಮನೆಯವನ ಹೆಸರು ಊಲೆ. ಆದರೆ ಕ್ನೂಟ್‌ಸೆನ್ ಅಲ್ಲ, ಹೌಗೆನ್.

ಹೌಗೆನ್ ಎಂದರೆ ದಿಬ್ಬ. ನಾರ್ವೆಯಲ್ಲಿ ಆ ಹೆಸರಿನ ಜಮೀನುಗಳಿಗೆ ಲೆಕ್ಕವಿಲ್ಲ, ನಮ್ಮಲ್ಲಿ ಹೊಸೂರು ಇದ್ದಂತೆ. (ಇಂಥ ಜಮೀನಿನ ಹೆಸರುಗಳು ಎಲ್ಲೆಲ್ಲಿ ಹೋಗಿ ಕೂತಿವೆ ನೋಡಿ: ಉತ್ತರ ಡಕೋಟಾದ ಪ್ರಸಿದ್ಧ ತೈಲದ ಶಿಲಾಪದರಕ್ಕೆ ಬಾಕೆನ್ ಎಂದು ಹೆಸರು, ಯಾರ ಹೊಲದಲ್ಲಿ ಕೊರೆದರೋ ಆ ರೈತನ ಮನೆತನದ ಹೆಸರು. ಬಾಕೆನ್ ಎಂದರೂ ಇಳಿಜಾರು, ದಿಬ್ಬವೇ.) ನಮ್ಮ ಊಲೆಯ ಮನೆ ಇದ್ದದ್ದು ಹೌಗೆನ್‌ನಲ್ಲಿ ಅಲ್ಲವಲ್ಲ ಎಂದು ಒಂದು ವಾರ ತಲೆಕೆಡಿಸಿಕೊಂಡೆ. ಉತ್ತರ ಸಿಕ್ಕಿದ್ದು ಬಿಗ್ಡೆಬೋಕ್‌ನಲ್ಲಿ. ನಾರ್ವೆಯ ಹೆಚ್ಚಿನ ಸೀಮೆಗಳಿಗೂ ಇಂಥ ಪುಸ್ತಕಗಳಿವೆ. ಜಮೀನು ಜಮೀನಾಗಿ, ಅಲ್ಲಿ ಬಾಳಿದವರ ಹುಟ್ಟು ಸಾವು ಮದುವೆಗಳನ್ನೆಲ್ಲ ಯಾರೋ ಪುಣ್ಯಾತ್ಮರು ಕೂತು ಬರೆದಿಟ್ಟಿದ್ದಾರೆ. ಊಲೆ ಹುಟ್ಟಿ ಆರು ವರ್ಷ ಬೆಳೆದದ್ದು ಹೌಗೆನ್ ಎಂಬ ತುಂಡು ನೆಲದಲ್ಲಿ. ಆಮೇಲೆ ಅಪ್ಪ ಬೇರೆ ಧಣಿಯ ಹತ್ತಿರ ಹೋದ. ಜನಗಣತಿಗೆ ಸಿಕ್ಕಿದ್ದು ಎರಡನೆಯ ಮನೆ. ಸಾಗರದಾಚೆ ಹೆಸರು ಆರಿಸಿಕೊಳ್ಳುವ ಹೊತ್ತು ಬಂದಾಗ ಅವನು ಅಪ್ಪನ ಹೆಸರನ್ನೂ ತೆಗೆದುಕೊಳ್ಳಲಿಲ್ಲ, ಬಿಟ್ಟು ಬಂದ ಮನೆಯದನ್ನೂ ಅಲ್ಲ. ಆರು ವರ್ಷದ ತನಕ ಆಡಿದ ದಿಬ್ಬವನ್ನು ತೆಗೆದುಕೊಂಡ. 1900ರ ಜನಗಣತಿ ದೇಶಕ್ಕೆ ಬಂದ ವರ್ಷ ಕೇಳುತ್ತದೆ: 1868. ಅಲ್ಲಿನ ಲೂಥರನ್ ಚರ್ಚಿನ ಪುಸ್ತಕದಲ್ಲಿ ಹುಟ್ಟಿದ ಸ್ಥಳ: ಔರ್ಡಾಲ್, ವಾಲ್ಡ್ರೆಸ್. ಹುಟ್ಟಿದ ದಿನವೂ ಅದೇ.

1890ರ ಜನಗಣತಿ ಉಳಿದಿದ್ದರೆ ಅಪ್ಪ ಮಗಳು ಇಬ್ಬರೂ ಅದರಲ್ಲಿ ಇರುತ್ತಿದ್ದರು. ಅವಳು 1887ರಲ್ಲಿ, ಹತ್ತೊಂಬತ್ತರ ಹುಡುಗಿ, ತಾನೇ ದುಡಿದ ದುಡ್ಡಿನಲ್ಲಿ ಬಂದು ಮಿನ್ನೆಸೋಟದ ಫರ್ಗಸ್ ಫಾಲ್ಸ್ ಬಳಿ ಮನೆಗೆಲಸಕ್ಕೆ ಸೇರಿದ್ದಳು. ಅವನಿದ್ದ ಜಾಗ ಅಲ್ಲಿಂದ ರೈಲಿನಲ್ಲಿ ಒಂದು ದಿನದ ದಾರಿ. ಆ ಜನಗಣತಿಯ ಕಾಗದಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಕಚೇರಿಯ ನೆಲಮಾಳಿಗೆಯಲ್ಲಿ ಬೆಂಕಿಗೂ, ಬೆಂಕಿ ಆರಿಸಿದ ನೀರಿಗೂ ಸಿಕ್ಕಿ ಹಾಳಾದವು.

ಅವಳು ಊಲೆ ಕ್ನೂಟ್‌ಸೆನ್‌ನನ್ನು ಹುಡುಕುತ್ತಿದ್ದಳು. ಆ ಹೆಸರಿನವನು ಆಗ ಎಲ್ಲಿಯೂ ಇರಲಿಲ್ಲ. ಅವಳೇ ಅವನ ಹೆಸರನ್ನು ಹೊತ್ತು ತಿರುಗುತ್ತಿದ್ದಳು. ಅಮೆರಿಕದವರು ಊಲ್ಸ್‌ಡಾಟರನ್ನು ಓಲ್ಸನ್ ಎಂದು ಕತ್ತರಿಸಿದ್ದರು.

ಸರ್ಕಾರ ನೆಲ ಕೊಟ್ಟವರ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1862ರ ಹೋಮ್‌ಸ್ಟೆಡ್ ಕಾನೂನಿನಂತೆ 160 ಎಕರೆ. ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು, ಪೌರನಾಗಿ, ಇಬ್ಬರು ನೆರೆಯವರಿಂದ ಸಾಕ್ಷಿ ಹೇಳಿಸಿದರೆ ನೆಲ ನಿಮ್ಮದು. ಊಲೆಯ ಕಡತದ ನಕಲು ಬಂದ ದಿನ ಅತ್ತೆಯ ಮನೆಯಲ್ಲಿ ಕಾಫಿ ಆರಿಹೋಯಿತು. ಹದಿನೆಂಟು ಪುಟ. 1878ರಲ್ಲಿ ಅರ್ಜಿ, 1884ರಲ್ಲಿ ಕೊನೆಯ ಹೇಳಿಕೆ. ಹುಲ್ಲುಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆ, 14 ಅಡಿಗೆ 16 ಅಡಿ, ಒಂದು ಬಾಗಿಲು, ಎರಡು ಕಿಟಕಿ. ಒಂದು ಕೊಟ್ಟಿಗೆ, ಒಂದು ಬಾವಿ. ಉತ್ತದ್ದು 45 ಎಕರೆ. ಹಸು ಮೂರು. ಒಂದು ಹಸುವಿನ ಮನೆಯಿಂದ ಬಂದವನಿಗೆ ಮೂರು ಹಸು.

ಅಚ್ಚಾದ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ. ನಿನಗೆ ಮದುವೆಯಾಗಿದೆಯೇ, ಆಗಿದ್ದರೆ ನಿನ್ನ ಕುಟುಂಬದಲ್ಲಿ ಯಾರ್ಯಾರಿದ್ದಾರೆ? ಗುಮಾಸ್ತನ ಅಕ್ಷರದಲ್ಲಿ ಉತ್ತರ: ಹೆಂಡತಿ ಮತ್ತು ನಾಲ್ಕು ಮಕ್ಕಳು. ಆಗ ವಾಲ್ಡ್ರೆಸ್‌ನಲ್ಲಿ ಐದನೆಯವಳಿಗೆ, ಅಲ್ಲ, ಮೊದಲನೆಯವಳಿಗೆ ಹದಿನಾರು ತುಂಬುವುದರಲ್ಲಿತ್ತು.

ಸಹಿಯ ಜಾಗಕ್ಕೆ ಬಂದಾಗ ಇಬ್ಬರೂ ಬಗ್ಗಿ ನೋಡಿದೆವು. ಊಲೆ ಎಂದು ಗುಮಾಸ್ತನ ಕೈ. ಹೌಗೆನ್ ಎಂದು ಗುಮಾಸ್ತನ ಕೈ. ನಡುವೆ ಒಂದು ಅಡ್ಡಾದಿಡ್ಡಿ ಗುಣಾಕಾರದ ಚಿಹ್ನೆ. ಮೇಲೆ ಕೆಳಗೆ ‘ಇವನ ಗುರುತು’ ಎಂದು ಸಣ್ಣದಾಗಿ. ಒಂದು ಗೀಟು ಗಟ್ಟಿಯಾಗಿ ಬಿದ್ದಿದೆ, ಇನ್ನೊಂದರ ಕೊನೆಯಲ್ಲಿ ಶಾಯಿ ಚೆಲ್ಲಿ ಹನಿಯಾಗಿದೆ.

ಹೆಬ್ಬೆಟ್ಟು!

ಆ ದುಂಡನೆಯ ಅಕ್ಷರ ಆಗ ತಲೆಗೆ ಹೋಯಿತು. ನಾರ್ವೆಯಲ್ಲಿ 1739ರಿಂದಲೇ ಮಕ್ಕಳಿಗೆ ಓದು ಕಡ್ಡಾಯ. ಧರ್ಮದ ಪುಸ್ತಕ ಓದಿ ಒಪ್ಪಿಸದೆ ಚರ್ಚಿನಲ್ಲಿ ದೀಕ್ಷೆಯಿಲ್ಲ, ದೀಕ್ಷೆಯಿಲ್ಲದೆ ಮದುವೆಯಿಲ್ಲ. ಹಳ್ಳಿಗಳಲ್ಲಿ ಮೇಷ್ಟರೇ ಮನೆಯಿಂದ ಮನೆಗೆ ಹೋಗಿ ವರ್ಷಕ್ಕೆ ಕೆಲವು ವಾರ ಕಲಿಸುತ್ತಿದ್ದರು. ಆದರೆ ಬರೆಯುವುದು ಎಲ್ಲರಿಗೂ ಅಲ್ಲ. ಹಳ್ಳಿಯ ಶಾಲೆ ಸರಿಯಾಗಿ ನೆಲೆಯೂರಿ ಬರವಣಿಗೆಯ ಪಾಠವೂ ಗಟ್ಟಿಯಾದದ್ದು 1860ರ ಕಾನೂನಿನ ನಂತರ. 1846ರಲ್ಲಿ ಹುಟ್ಟಿದ ಹುಸ್‌ಮನ್‌ನ ಮಗನಿಗೆ ಆಗಲೇ ಹೊತ್ತು ಮೀರಿತ್ತು. ದೀಕ್ಷೆಯ ದಫ್ತರದಲ್ಲಿ ಸಿಡುಬಿಗೆ ಲಸಿಕೆ ಹಾಕಿಸಿದ ತಾರೀಖಿನ ಪಕ್ಕ ಊಲೆಯ ಓದಿಗೆ ‘ಚೆನ್ನಾಗಿದೆ’ ಎಂದು ಪಾದ್ರಿ ಬರೆದಿದ್ದಾರೆ. ನನ್ನ ಅಜ್ಜಿ ಹಾಗೆಯೇ ಇದ್ದಳು. ಮಳೆಗಾಲದ ಮಧ್ಯಾಹ್ನ ಪುರಾಣದ ಪುಸ್ತಕ ಹಿಡಿದು ರಾಗವಾಗಿ ಓದುತ್ತಿದ್ದಳು, ಬ್ಯಾಂಕಿಗೆ ಹೋದರೆ ಎಡಗೈ ಹೆಬ್ಬೆರಳು ಮುಂದೆ ಮಾಡುತ್ತಿದ್ದಳು.

ಅಂದರೆ ಲಾ ಕ್ರಾಸ್‌ನ ಆ ಪತ್ರ ಊಲೆ ಹೇಳಿ, ಯಾರೋ ಬರೆದದ್ದು. ಅದಕ್ಕೆ ಮೊದಲು ಮಗು ಹುಟ್ಟಿದ ಸುದ್ದಿ ಅವನಿಗೆ ಮುಟ್ಟಿದ್ದೂ ಇನ್ನಾರದೋ ಕೈಯಿಂದ. ಇಬ್ಬರು ಬರೆಯಲಾರದವರ ನಡುವೆ, ಇಬ್ಬರು ಬರೆಯಬಲ್ಲವರ ಮೂಲಕ, ಒಂದು ಮಾತು ಹೋಗಿ ಒಂದು ಮಾತು ಬಂದಿದೆ. ಅತ್ತೆಗೆ ಇಷ್ಟು ಸಾಕಾಯಿತು. ‘ಅವನಿಗೆ ಬರೆಯಲು ಬರುತ್ತಿರಲಿಲ್ಲ’ ಎಂದು ಕಣ್ಣೊರೆಸಿಕೊಂಡರು. ಬರೆದುಕೊಡುವ ಗೆಳೆಯ ಬೇರೆ ಕಡೆ ಹೋಗಿರಬೇಕು, 1873ರಲ್ಲಿ ಎಲ್ಲ ದಿವಾಳಿಯೆದ್ದು ಕೆಲಸ ಹೋಗಿರಬೇಕು, ಟಿಕೆಟಿನ ದುಡ್ಡು ಕೂಡಿರಲಿಕ್ಕಿಲ್ಲ. ಬೇರೆಯವರ ಮುಂದೆ ಕೂತು ಇಂಥ ವಿಷಯ ಬರೆಸುವುದಾದರೂ ಹೇಗೆ?

ನಾನು ಅಷ್ಟು ಒಳ್ಳೆಯವಳಲ್ಲ. ಟ್ರೇಲ್ ಕೌಂಟಿಯಲ್ಲಿ ಪಾದ್ರಿಯಿದ್ದ, ಶಾಲೆಯಿತ್ತು, ಅವನ ಸ್ವಂತ ಮಕ್ಕಳು ಹತ್ತು ವರ್ಷದ ಹೊತ್ತಿಗೆ ಬರೆಯುತ್ತಿದ್ದರು. ಇನ್ನೂ ಒಂದು ವಿಷಯ. ಫಾರ್ಗೋದಲ್ಲಿ ನಮಗೆ ಸಿಕ್ಕ ಆ ಕಡೆಯ ನೆಂಟರು, ನಿವೃತ್ತ ಶಿಕ್ಷಕರು, ಮಾತಿನ ನಡುವೆ ಸಹಜವಾಗಿ ಹೇಳಿದರು: ‘ನಮ್ಮ ಹಿರಿಯಜ್ಜನ ಮನೆಗೆ ಡೆಕೋರಾ ಪೋಸ್ಟೆನ್ ತಪ್ಪದೆ ಬರುತ್ತಿತ್ತಂತೆ, ಭಾನುವಾರ ಅವರು ಕೊನೆಯ ಸಾಲಿನವರೆಗೂ ಓದುತ್ತಿದ್ದರಂತೆ.’ ಅಯೋವಾದ ಡೆಕೋರಾದಿಂದ ಹೊರಡುತ್ತಿದ್ದ ಆ ಪತ್ರಿಕೆಯನ್ನು ನಾರ್ವೆಯವರು ಹೊಲದ ಮನೆಗಳಲ್ಲಿ ಕಾಯ್ದು ಓದುತ್ತಿದ್ದರು. ಕಾಣೆಯಾದವರನ್ನು ಕೇಳುವ ಸಣ್ಣ ಜಾಹೀರಾತುಗಳು ಆ ಕಾಲದ ವಲಸಿಗರ ಪತ್ರಿಕೆಗಳಲ್ಲಿ ಹೊಸದೇನಲ್ಲ. ಬರೆಯಲು ಬಾರದವನಿಗೆ ಓದಲು ಬರುತ್ತಿತ್ತು.

ಅತ್ತೆಯ ಮುಖ ನೋಡಿದೆ. ಅವರೂ ಕೇಳಿಸಿಕೊಂಡಿದ್ದರು. ಆ ಶಿಕ್ಷಕರಿಗೆ ಜಾಹೀರಾತಿನ ವಿಷಯವನ್ನು ನಾವಿಬ್ಬರೂ ಅಂದು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಅವರ ಮನೆಯ ಕತೆಯಲ್ಲಿ ಹಿರಿಯಜ್ಜ ನಾರ್ವೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಅನಾಥ. ಅದನ್ನು ಅವನೇ ಹೇಳಿಕೊಂಡಿದ್ದನೋ, ಮಕ್ಕಳು ಹಾಗೆ ತಿಳಿದರೋ.

ಕಳೆದ ಅಕ್ಟೋಬರಿನಲ್ಲಿ ಸಮಾಧಿ ನೋಡಲು ಹೋದೆವು. ಸಕ್ಕರೆ ಬೀಟ್ ತುಂಬಿದ ಲಾರಿಗಳು ರಸ್ತೆಯ ತುಂಬ. ರೆಡ್ ನದಿಯ ಬಯಲು ಎಂದರೆ ದೋಸೆಕಲ್ಲಿನಷ್ಟು ಮಟ್ಟಸ. ಬಿಳಿಯ ಚರ್ಚು ನಾಲ್ಕು ಮೈಲಿಯಿಂದಲೇ ಕಾಣುತ್ತದೆ, ಎಷ್ಟು ಹೋದರೂ ಬರುವುದಿಲ್ಲ. ಇಡೀ ಸೀಮೆಯಲ್ಲಿ ಒಂದು ದಿಬ್ಬವಿಲ್ಲ. ಸ್ಮಶಾನದ ಎರಡನೆಯ ಸಾಲಿನಲ್ಲಿ ಬೂದು ಬಣ್ಣದ ಕಲ್ಲು, ಊಲೆ ಹೌಗೆನ್, ಕೆಳಗೆ ನಾರ್ವೇಜಿಯನ್‌ನಲ್ಲಿ ‘ವಾಲ್ಡ್ರೆಸ್‌ನಲ್ಲಿ ಹುಟ್ಟಿದವನು’. ಅಕ್ಷರ ಕೆತ್ತಿದವನ ಕೈ ಚೆನ್ನಾಗಿದೆ.

ಅತ್ತೆ ಕಾರಿನ ಹಿಂದಿನ ಸೀಟಿನಿಂದ ಎರಡು ಹೂಕುಂಡ ಇಳಿಸಿದರು. ಒಂದನ್ನು ಕಲ್ಲಿನ ಮುಂದಿಟ್ಟರು. ಇನ್ನೊಂದು ಯಾರಿಗೆ ಎಂದು ನಾನು ಕೇಳುವ ಮೊದಲೇ, ‘ಇದು ನಾಳೆ ಮುತ್ತಜ್ಜಿಗೆ, ಫರ್ಗಸ್ ಫಾಲ್ಸ್‌ನಲ್ಲಿ’ ಎಂದು ಮತ್ತೆ ಒಳಗಿಟ್ಟರು. ಬಗಲಿನಲ್ಲಿ ಹಾಡಿನ ಪುಸ್ತಕವಿತ್ತು. ಏನೋ ಓದುತ್ತಾರೆಂದುಕೊಂಡೆ. ಪುಸ್ತಕ ತೆರೆದು, ಪತ್ರಿಕೆಯ ತುಣುಕನ್ನು ತೆಗೆದು, ಕಲ್ಲಿನ ಕಡೆಗೆ ತಿರುಗಿಸಿ ಒಂದು ನಿಮಿಷ ಹಿಡಿದು ನಿಂತರು. ಓದಲಿ ಎಂಬಂತೆ. ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳುವುದರಲ್ಲಿತ್ತು.

‘ಉಫ್ ದಾ’ ಎಂದರು, ತುಣುಕನ್ನು ಪುಸ್ತಕದೊಳಗೆ ಸೇರಿಸುತ್ತ. ‘ಎಂಥ ಚಳಿ. ನಡೆ, ಹೋಗೋಣ.’